ಬೀಪ್ ಅಂದ ತಕ್ಷಣ ಕೈ ಹಾಕಬೇಡಿ

ವೈಫೈ ರೂಟರಿನ ಪಕ್ಕದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿದ್ದ ಪೆಟ್ಟಿಗೆ ಒಂದು ರಾತ್ರಿ ಬೀಪ್ ಬೀಪ್ ಅನ್ನತೊಡಗುತ್ತದೆ. ಸಾಲಾಗಿ ಉರಿಯುತ್ತಿದ್ದ ಹಸಿರು ದೀಪಗಳಲ್ಲಿ ಒಂದು ಕೇಸರಿಗೆ ತಿರುಗಿದೆ. ಫೋನಿಗೆ ಮೇಲ್ ಬಂದಿದೆ: ಮೂರನೇ ಡ್ರೈವ್ ಕೈಕೊಟ್ಟಿದೆ, ವಾಲ್ಯೂಮ್ ‘ಡಿಗ್ರೇಡೆಡ್’ ಆಗಿದೆ. ಮನೆಮಂದಿ ಮಲಗಿದ್ದಾರೆ, ಸದ್ದು ನಿಲ್ಲುತ್ತಿಲ್ಲ. ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ಕೇಸರಿ ದೀಪದ ಕೆಳಗಿನ ಟ್ರೇಗೆ. ಎಳೆದು ಹೊರಗಿಟ್ಟರೆ ಕೆಟ್ಟದ್ದು ತೊಲಗಿತು ಅನ್ನುವ ಭಾವನೆ. ದಯವಿಟ್ಟು ಎಳೆಯಬೇಡಿ. ಪೆಟ್ಟಿಗೆಯ ಮೆನುವಿಗೆ ಹೋಗಿ ಬೀಪ್ ನಿಲ್ಲಿಸಿ, ಮಲಗಿ. ನಾಳೆ ಮಾಡುವುದಕ್ಕೆ ಬೇಕಾದಷ್ಟು ಕೆಲಸವಿದೆ.

ನ್ಯಾಸ್ ಎಂದು ಕರೆಯುವ ಈ ಪೆಟ್ಟಿಗೆ ಈಗ ಅಪರೂಪದ್ದೇನಲ್ಲ. ಮದುವೆ ಫೋಟೊ ತೆಗೆಯುವವರು, ಮನೆಯಿಂದಲೇ ಲೆಕ್ಕಪತ್ರ ನೋಡುವ ಆಡಿಟರುಗಳು, ಮೊಬೈಲಿನ ವಿಡಿಯೊಗಳಿಗೆ ತಿಂಗಳು ತಿಂಗಳು ಕ್ಲೌಡ್ ಬಾಡಿಗೆ ಕಟ್ಟಿ ಬೇಸತ್ತವರು ಇದನ್ನು ತಂದಿಟ್ಟುಕೊಂಡಿದ್ದಾರೆ. ಒಳಗಿರುವುದು ಒಂದು ಚಿಕ್ಕ ಕಂಪ್ಯೂಟರು, ಎರಡೋ ನಾಲ್ಕೋ ಹಾರ್ಡ್ ಡಿಸ್ಕು. ಮನೆಯ ನೆಟ್‌ವರ್ಕಿಗೆ ಸೇರಿದ ಯಾವ ಫೋನು, ಯಾವ ಟಿವಿ ಕೇಳಿದರೂ ಫೈಲು ಕೊಡುತ್ತದೆ. ಮಾರುವವರು ಹೇಳುವ ಮುಖ್ಯ ಮಾತು ಒಂದೇ: ‘ಒಂದು ಡಿಸ್ಕ್ ಹೋದರೂ ನಿಮ್ಮ ಡೇಟಾ ಎಲ್ಲೂ ಹೋಗಲ್ಲ ಸಾರ್.’ ಮಾತು ಸುಳ್ಳಲ್ಲ. ಆದರೆ ಆ ಒಂದು ಡಿಸ್ಕ್ ಹೋದ ಗಳಿಗೆಯಿಂದ ಹೊಸದು ಬಂದು ಕೂತು, ತುಂಬಿಕೊಂಡು, ಸರಿಯಾಗುವ ತನಕ ಏನು ಅನ್ನುವುದನ್ನು ಅವರು ಹೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಈ ಪೆಟ್ಟಿಗೆಯ ಇಡೀ ಆಯುಷ್ಯದಲ್ಲಿ ನಿಜವಾಗಿ ಹೆದರಬೇಕಾದ ಅವಧಿ ಅದೊಂದೇ. ಡಿಸ್ಕ್ ಸಾಯುವುದು ನಿರೀಕ್ಷಿತ. ಬದಲಾಯಿಸುವಾಗ ನಾವು ಮಾಡುವ ಅವಸರ ಪೆಟ್ಟಿಗೆ ಮಾಡಿದವರ ನಿರೀಕ್ಷೆಯಲ್ಲಿ ಇರುವುದಿಲ್ಲ.

ಈ ಅಪಾಯ ಇವತ್ತಿನ ಮಾತಲ್ಲ. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ಮೂವರೂ ಸೇರಿ ‘ರೇಡ್’ ಎಂಬ ಹೆಸರಿಟ್ಟು ಒಂದು ಪ್ರಬಂಧ ಬರೆದರು. ದೊಡ್ಡ ಕಂಪ್ಯೂಟರುಗಳ ದುಬಾರಿ ಡಿಸ್ಕಿನ ಬದಲು ಪಿಸಿಗಳ ಅಗ್ಗದ ಚಿಕ್ಕ ಡಿಸ್ಕುಗಳನ್ನು ಗುಂಪುಗೂಡಿಸಿ ಬಳಸಬಾರದೇಕೆ ಎಂಬುದು ಅವರ ಪ್ರಶ್ನೆ. ತೊಡಕು ಏನೆಂದು ಅವರೇ ಹೇಳಿದರು: ಡಿಸ್ಕುಗಳ ಸಂಖ್ಯೆ ಹೆಚ್ಚಿದಷ್ಟೂ ಯಾವುದಾದರೊಂದು ಕೆಡುವ ಸಾಧ್ಯತೆಯೂ ಹೆಚ್ಚುತ್ತದೆ. ಹಾಗಾಗಿ ಒಂದು ಹೆಚ್ಚುವರಿ ಡಿಸ್ಕಿನ ಏರ್ಪಾಡು. ಗುಂಪು ಎಷ್ಟು ಕಾಲ ಬಾಳುತ್ತದೆ ಎಂದು ಅವರು ಕೊಟ್ಟ ಸೂತ್ರದಲ್ಲಿ ಡಿಸ್ಕಿನ ಬಾಳಿಕೆಯ ಜೊತೆಗೇ ಇನ್ನೊಂದು ಅಂಶವಿದೆ: ಕೆಟ್ಟದ್ದನ್ನು ಬದಲಾಯಿಸಲು ಹಿಡಿಯುವ ಸಮಯ. ಅದು ಉದ್ದವಾದಷ್ಟೂ ಎರಡನೆಯದು ಕೆಡುವ ಅವಕಾಶ ಹೆಚ್ಚು.

ಒಳಗಿನ ಉಪಾಯ ಸರಳ. ಎರಡು ಡಿಸ್ಕಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವುದು ಮಿರರ್, ಅಂದರೆ ಒಂದರಲ್ಲಿ ಬರೆದದ್ದನ್ನೆಲ್ಲ ಇನ್ನೊಂದರಲ್ಲೂ ಬರೆಯುವುದು. ನಾಲ್ಕು ಡಿಸ್ಕಿನದರಲ್ಲಿ ಹೀಗೆ ಅರ್ಧ ಜಾಗ ಕಳೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಅಲ್ಲಿಗೆ ಪ್ಯಾರಿಟಿ ಬಂತು. ಮೊದಲ ಡಿಸ್ಕಿನಲ್ಲಿ 7, ಎರಡನೆಯದರಲ್ಲಿ 4, ಮೂರನೆಯದರಲ್ಲಿ 9 ಇದೆ ಅನ್ನಿ. ನಾಲ್ಕನೆಯದರಲ್ಲಿ ಮೂರರ ಮೊತ್ತ 20 ಬರೆದಿಟ್ಟುಕೊಳ್ಳುತ್ತದೆ. ಎರಡನೆಯದು ಸತ್ತರೆ 20ರಲ್ಲಿ 7 ಮತ್ತು 9 ಕಳೆದರೆ ಆಯಿತು, 4 ಸಿಕ್ಕಿತು. ನಿಜವಾದ ಪೆಟ್ಟಿಗೆಯಲ್ಲಿ ಕೂಡುವ ಬದಲು ಬಿಟ್ ಬಿಟ್ಟಿಗೂ ಸಮ-ಬೆಸದ ಲೆಕ್ಕ ನಡೆಯುತ್ತದೆ, ಆ ಲೆಕ್ಕದ ತುಣುಕುಗಳನ್ನೂ ನಾಲ್ಕೂ ಡಿಸ್ಕುಗಳಿಗೆ ಹಂಚಿರುತ್ತದೆ. ಇದು ರೇಡ್ 5. ಎರಡೆರಡು ಲೆಕ್ಕ ಇಟ್ಟುಕೊಂಡು ಎರಡು ಸಾವು ತಡೆದುಕೊಳ್ಳುವುದು ರೇಡ್ 6. ಈ ಉದಾಹರಣೆಯಲ್ಲಿ ಗಮನಿಸಬೇಕಾದ್ದು ಇಷ್ಟೇ: ಕಳೆದುಹೋದ 4 ಎಲ್ಲೂ ಬರೆದಿಲ್ಲ. ಅದನ್ನು ಮತ್ತೆ ಹುಟ್ಟಿಸಲು ಉಳಿದ ಮೂರೂ ಡಿಸ್ಕುಗಳ ಪ್ರತಿಯೊಂದು ಅಕ್ಷರವನ್ನೂ ತಪ್ಪಿಲ್ಲದೆ ಓದಲೇಬೇಕು.

ಓದಲು ಆಗದೇ ಹೋದರೆ? ಕಂಪನಿಗಳೇ ತಮ್ಮ ವಿವರಪಟ್ಟಿಯಲ್ಲಿ ಹೇಳಿಕೊಳ್ಳುತ್ತವೆ. ಸಾಧಾರಣ ಡಿಸ್ಕುಗಳಿಗೆ ಅವು ಬರೆಯುವುದು, ಹತ್ತರ ಹದಿನಾಲ್ಕನೇ ಘಾತದಷ್ಟು ಬಿಟ್‌ಗಳನ್ನು ಓದುವಾಗ ಹೆಚ್ಚೆಂದರೆ ಒಂದನ್ನು ಓದಲಾಗದೇ ಹೋಗಬಹುದು ಎಂದು. ಅಷ್ಟು ಬಿಟ್ ಅಂದರೆ 12.5 ಟೆರಾಬೈಟ್. ನಿಮ್ಮ ಪೆಟ್ಟಿಗೆಯಲ್ಲಿ 4 ಟಿಬಿಯ ನಾಲ್ಕು ಡಿಸ್ಕಿದ್ದು ಒಂದು ಸತ್ತರೆ, ಉಳಿದ ಮೂರರಿಂದ ಓದಬೇಕಾದ್ದು 12 ಟಿಬಿ. ಲೆಕ್ಕ ಎಲ್ಲಿ ಬಂದು ನಿಂತಿತು ನೋಡಿ. ನಿಜ ಜೀವನದಲ್ಲಿ ಡಿಸ್ಕುಗಳು ಈ ಕಾಗದದ ಮಾತಿಗಿಂತ ಬಹಳ ಚೆನ್ನಾಗಿಯೇ ನಡೆದುಕೊಳ್ಳುತ್ತವೆ, ಈಗಿನ ನ್ಯಾಸ್ ತಂತ್ರಾಂಶಗಳಲ್ಲಿ ಹಲವು ಒಂದು ಜಾಗ ಓದಲಾಗದಿದ್ದರೆ ಆ ಫೈಲಿಗೆ ಗುರುತು ಹಾಕಿ ಮುಂದೆ ಸಾಗುತ್ತವೆ. ಆದರೂ ಇನ್ನೊಂದು ಮಾತಿದೆ. ಆ ಮೂರು ಡಿಸ್ಕುಗಳನ್ನೂ ನೀವು ಸತ್ತದ್ದರ ಜೊತೆಗೇ, ಅದೇ ಅಂಗಡಿಯಲ್ಲಿ, ಒಂದೇ ಬಿಲ್ಲಿನಲ್ಲಿ ತಂದಿದ್ದಿರಿ. ಅವುಗಳ ವಯಸ್ಸು ಒಂದೇ, ತಿಂದ ಧೂಳು ಒಂದೇ, ಕಂಡ ಕರೆಂಟು ಕಡಿತ ಒಂದೇ.

ಆದ್ದರಿಂದ ಬೆಳಗಾದ ಮೇಲೆ ಮೊದಲ ಕೆಲಸ ಅಂಗಡಿಗೆ ಓಡುವುದಲ್ಲ, ಕಾಪಿ ತೆಗೆಯುವುದು. ಡಿಗ್ರೇಡೆಡ್ ಆದ, ಅಂದರೆ ಒಂದು ಡಿಸ್ಕ್ ಕಳೆದುಕೊಂಡ ಪೆಟ್ಟಿಗೆ ಇನ್ನೂ ಎಲ್ಲ ಫೈಲನ್ನೂ ಕೊಡುತ್ತಿದೆ. ಒಂದು ಯುಎಸ್‌ಬಿ ಡಿಸ್ಕ್ ಚುಚ್ಚಿ ಮಗುವಿನ ಫೋಟೊ, ಮನೆ ಪತ್ರದ ಸ್ಕ್ಯಾನು, ಆಡಿಟರ ಫೋಲ್ಡರು ಎಲ್ಲವನ್ನೂ ಮೊದಲು ಅದಕ್ಕೆ ಇಳಿಸಿ. ಡೌನ್‌ಲೋಡ್ ಮಾಡಿಟ್ಟ ಸಿನಿಮಾಗಳು ಹೋದರೆ ಹೋಗಲಿ. ‘ರೇಡ್ ಇದೆಯಲ್ಲ, ಬ್ಯಾಕಪ್ ಯಾಕೆ’ ಎಂದು ಕೇಳುವವರು ಇನ್ನೂ ಇದ್ದಾರೆ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಪೆಟ್ಟಿಗೆಗಳನ್ನು ಯಾರೋ ಇಂಟರ್ನೆಟ್ಟಿನ ಮೂಲಕ ಹೊಕ್ಕು ಒರೆಸಿಹಾಕಿದರು. 2022ರ ಜನವರಿಯಲ್ಲಿ ‘ಡೆಡ್‌ಬೋಲ್ಟ್’ ಎಂಬ ಸುಲಿಗೆ ತಂತ್ರಾಂಶ ಕ್ಯೂನ್ಯಾಪ್ ಕಂಪನಿಯ ಪೆಟ್ಟಿಗೆಗಳ ಫೈಲುಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ಕೇಳಿತು. ಎರಡೂ ಸಲ ಡಿಸ್ಕುಗಳು ಗಟ್ಟಿಮುಟ್ಟಾಗಿಯೇ ಇದ್ದವು. ಮಿರರ್ ಇದ್ದವರ ಪೆಟ್ಟಿಗೆಯಲ್ಲಿ ಅಳಿಸಿದ್ದೂ ಎರಡು ಕಡೆ ಅಳಿಸಿತು, ಅಷ್ಟೇ.

ಇನ್ನು, ಕೆಟ್ಟಿರುವುದು ನಿಜವಾಗಿ ಡಿಸ್ಕೇನಾ ಎಂಬ ಪ್ರಶ್ನೆ. ಪ್ರತಿ ಹಾರ್ಡ್ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಅದಕ್ಕೆ ‘ಸ್ಮಾರ್ಟ್’ ಎಂದು ಹೆಸರು, ಪೆಟ್ಟಿಗೆಯ ಸ್ಟೋರೇಜ್ ಪುಟದಲ್ಲಿ ಸಿಗುತ್ತದೆ. ಉದ್ದದ ಪಟ್ಟಿ ನೋಡಿ ಗಾಬರಿ ಬೇಡ. 5, 197, 198 ಈ ಮೂರು ಸಾಲುಗಳನ್ನು ನೋಡಿದರೆ ಬಹುಮಟ್ಟಿಗೆ ಸಾಕು. ಕೆಟ್ಟ ಜಾಗವನ್ನು ಕೈಬಿಟ್ಟು ಬೇರೆ ಜಾಗ ಕೊಟ್ಟದ್ದು ಎಷ್ಟು ಸಲ, ಓದಲಾಗದೆ ಬಾಕಿ ಉಳಿದದ್ದು ಎಷ್ಟು, ತಿದ್ದಲಾಗದ್ದು ಎಷ್ಟು ಎಂದು ಅವು ಹೇಳುತ್ತವೆ. ಇವು ಸೊನ್ನೆಯಾಗಿದ್ದು 199ನೇ ಸಾಲು ಮಾತ್ರ ಏರುತ್ತಿದ್ದರೆ, ಡಿಸ್ಕಿಗೂ ಪೆಟ್ಟಿಗೆಗೂ ನಡುವಿನ ಸಂಪರ್ಕದಲ್ಲಿ ದೋಷವಿದೆ ಎಂದೇ ಅರ್ಥ. ಕೇಬಲ್ಲೋ, ಟ್ರೇಯ ಹಿಂದಿನ ಕನೆಕ್ಟರಿನಲ್ಲಿ ಕೂತ ಧೂಳೋ. ಪೆಟ್ಟಿಗೆ ಆಫ್ ಮಾಡಿ, ಡಿಸ್ಕನ್ನು ತೆಗೆದು ಸರಿಯಾಗಿ ಕೂರಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಹತ್ತು ಸಾವಿರ ರೂಪಾಯಿ ಉಳಿಯಿತು.

ಈ ಅಂಕಿಗಳನ್ನು ಎಷ್ಟು ನಂಬಬೇಕು? 2007ರಲ್ಲಿ ಗೂಗಲ್‌ನ ಮೂವರು ಎಂಜಿನಿಯರುಗಳು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಕಥೆಯನ್ನು ಬಿಚ್ಚಿಟ್ಟರು. ಮೇಲ್ಮೈ ಪರೀಕ್ಷೆಯಲ್ಲಿ ಮೊದಲ ದೋಷ ಕಾಣಿಸಿಕೊಂಡ ಡಿಸ್ಕು, ದೋಷ ಕಾಣದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ 39 ಪಟ್ಟು ಹೆಚ್ಚು ಎಂದು ಕಂಡಿತು. ಆದರೆ ಅದೇ ಅಧ್ಯಯನದಲ್ಲಿ, ಸತ್ತ ಡಿಸ್ಕುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವು ಇಂಥ ಯಾವ ಮುನ್ಸೂಚನೆಯನ್ನೂ ಕೊಡದೆ ಹೋದವು. ಅಂದರೆ ಅಂಕಿ ಏರುತ್ತಿದ್ದರೆ ಕಾಯಬೇಡಿ, ಬದಲಾಯಿಸಿ. ಏರದಿದ್ದರೆ ನಿಶ್ಚಿಂತೆಯಿಂದ ಇರಬಹುದು ಎಂದಲ್ಲ. ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಬ್ಯಾಕಪ್ ಕಂಪನಿ ತನ್ನಲ್ಲಿ ಓಡುವ ಲಕ್ಷಾಂತರ ಡಿಸ್ಕುಗಳ ಅಂಕಿಅಂಶವನ್ನು 2013ರಿಂದ ಪ್ರಕಟಿಸುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ಅಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು ಒಂದೂವರೆ ಕೆಡುತ್ತಿವೆ. ಚಿಕ್ಕ ಸಂಖ್ಯೆ ಅನ್ನಿಸಬಹುದು. ನಾಲ್ಕು ಡಿಸ್ಕು, ಐದು ವರ್ಷಕ್ಕೆ ಅದನ್ನೇ ಲೆಕ್ಕ ಹಾಕಿ ನೋಡಿದರೆ, ಒಂದಾದರೂ ಕೈಕೊಡುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. ಅದೂ ಹವಾನಿಯಂತ್ರಿತ ಡೇಟಾ ಸೆಂಟರಿನ ಲೆಕ್ಕ. ಕಲಬುರಗಿಯ ಮೇ ತಿಂಗಳಲ್ಲಿ ಬೀರುವಿನೊಳಗೆ ಮುಚ್ಚಿಟ್ಟ ಪೆಟ್ಟಿಗೆಯದ್ದಲ್ಲ.

ಖರೀದಿಯ ವಿಷಯದಲ್ಲಿ ಮೊದಲ ನಿಯಮ, ಹೊಸ ಡಿಸ್ಕು ಹಳೆಯದಕ್ಕಿಂತ ಒಂದಿಷ್ಟೂ ಚಿಕ್ಕದಿರಬಾರದು. ದೊಡ್ಡದಿದ್ದರೆ ಅಡ್ಡಿಯಿಲ್ಲ, ಹೆಚ್ಚಿನ ಜಾಗ ಸದ್ಯಕ್ಕೆ ಸುಮ್ಮನೆ ಬಿದ್ದಿರುತ್ತದೆ. ಕಂಪನಿ, ಮಾಡೆಲ್ ಅದೇ ಆಗಬೇಕೆಂದಿಲ್ಲ, ಬೇರೆಯದಾದರೆ ಒಂದೇ ದೋಷ ಎಲ್ಲಕ್ಕೂ ತಗುಲುವ ಭಯ ಕಡಿಮೆ. ಹೇಗೂ ಜಗತ್ತಿನಲ್ಲಿ ಹಾರ್ಡ್ ಡಿಸ್ಕ್ ತಯಾರಿಸುವವರು ಈಗ ಮೂರೇ ಮಂದಿ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ನ್ಯಾಸ್‌ಗೆಂದೇ ಮಾಡಿದ ಮಾಡೆಲ್ ಕೇಳಿ ಅನ್ನುವುದಕ್ಕೆ ಕಾರಣವಿದೆ. ಡೆಸ್ಕ್‌ಟಾಪಿನ ಡಿಸ್ಕು ಒಂದು ಜಾಗ ಓದಲಾಗದಿದ್ದರೆ ಹಟ ಹಿಡಿದು ಮತ್ತೆ ಮತ್ತೆ ಪ್ರಯತ್ನಿಸುತ್ತ ಕೂರುತ್ತದೆ. ಒಂಟಿ ಡಿಸ್ಕಿಗೆ ಅದು ಸರಿ, ಅದನ್ನು ಬಿಟ್ಟರೆ ಇನ್ನೊಂದು ಪ್ರತಿ ಇಲ್ಲವಲ್ಲ. ನ್ಯಾಸ್ ಡಿಸ್ಕು ಏಳು ಸೆಕೆಂಡಿನ ಆಸುಪಾಸಿನಲ್ಲಿ ಕೈಚೆಲ್ಲಿ ‘ಆಗಲ್ಲ’ ಎಂದು ಹೇಳಿಬಿಡುತ್ತದೆ, ಪೆಟ್ಟಿಗೆ ಉಳಿದವುಗಳಿಂದ ಲೆಕ್ಕ ಹಾಕಿಕೊಳ್ಳುತ್ತದೆ. ಹಟಮಾರಿಯನ್ನು ತಂದು ಗುಂಪಿನಲ್ಲಿ ಕೂರಿಸಿದರೆ, ಉತ್ತರ ಬಾರದ್ದನ್ನು ಕಂಡು ಪೆಟ್ಟಿಗೆ ಬದುಕಿರುವ ಡಿಸ್ಕನ್ನೇ ಸತ್ತಿತೆಂದು ಹೊರಹಾಕಬಹುದು.

ಇದಕ್ಕಿಂತ ಮುಖ್ಯವಾದ್ದು ಎಸ್‌ಎಂಆರ್ ಮತ್ತು ಸಿಎಂಆರ್ ಎಂಬ ಎರಡು ಜಾತಿ. ಕಡಿಮೆ ಜಾಗದಲ್ಲಿ ಹೆಚ್ಚು ತುಂಬಲು ಎಸ್‌ಎಂಆರ್ ಡಿಸ್ಕುಗಳಲ್ಲಿ ಬರವಣಿಗೆಯ ಪಥಗಳನ್ನು ಮಂಗಳೂರು ಹೆಂಚಿನ ಹಾಗೆ ಒಂದರ ಅಂಚಿನ ಮೇಲೊಂದು ಹೊದಿಸಿರುತ್ತಾರೆ. ನಡುವಿನ ಒಂದು ಹೆಂಚು ತೆಗೆಯಬೇಕಾದರೆ ಮೇಲಿನ ಸಾಲನ್ನೆಲ್ಲ ಎಬ್ಬಿಸಬೇಕಲ್ಲ, ಇಲ್ಲೂ ಹಾಗೆಯೇ: ಒಂದು ಪಥ ಬದಲಾದರೆ ಮುಂದಿನವನ್ನೂ ಮತ್ತೆ ಬರೆಯಬೇಕು. ಫೋಟೊ ತುಂಬಿಡುವ ಯುಎಸ್‌ಬಿ ಡಿಸ್ಕಿಗೆ ಇದು ನಡೆಯುತ್ತದೆ. ಗಂಟೆಗಟ್ಟಲೆ ಎಡೆಬಿಡದೆ ಬರೆದು ಹೊಸ ಡಿಸ್ಕನ್ನು ತುಂಬಿಸಬೇಕಾದ ‘ರೀಬಿಲ್ಡ್’ ಹೊತ್ತಿನಲ್ಲಿ ಏದುಸಿರು ಬಿಡುತ್ತದೆ. 2020ರ ಏಪ್ರಿಲ್‌ನಲ್ಲಿ ಬಯಲಾದ ಪ್ರಕರಣ ಇದೇ. ನ್ಯಾಸ್‌ಗೆಂದೇ ಮಾರುತ್ತಿದ್ದ ಡಬ್ಲ್ಯುಡಿ ರೆಡ್ ಸಾಲಿನ 2ರಿಂದ 6 ಟಿಬಿಯ ಕೆಲವು ಮಾಡೆಲ್‌ಗಳು ಎಸ್‌ಎಂಆರ್ ಎಂದು ಕಂಪನಿ ವಿವರಪಟ್ಟಿಯಲ್ಲಿ ತಿಳಿಸಿರಲೇ ಇಲ್ಲ. ಅಮೆರಿಕದ ಒಂದು ಪರೀಕ್ಷಾ ತಂಡ 4 ಟಿಬಿಯ ಅಂಥದ್ದೊಂದನ್ನು ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಬಳಸುವ ಪೆಟ್ಟಿಗೆಗೆ ಹಾಕಿ ರೀಬಿಲ್ಡ್‌ಗೆ ಬಿಟ್ಟಿತು. ಬೇರೆ ಡಿಸ್ಕುಗಳು ಒಂದು ದಿನದೊಳಗೆ ಮುಗಿಸಿದ ಕೆಲಸಕ್ಕೆ ಇದು ಒಂಬತ್ತು ದಿನಕ್ಕೂ ಹೆಚ್ಚು ತೆಗೆದುಕೊಂಡಿತು. ಒಂಬತ್ತು ದಿನ ಉಳಿದ ಡಿಸ್ಕುಗಳ ಮೇಲೆ ಕಣ್ಣಿಟ್ಟು ದೇವರನ್ನು ನೆನೆಯುವುದು ಅಂದರೆ ಸಾಮಾನ್ಯವಲ್ಲ. ಗಲಾಟೆಯಾದ ಮೇಲೆ, ಹೀಗೆ ಪಥ ಹೊದಿಸದ ಸಿಎಂಆರ್ ಡಿಸ್ಕುಗಳಿಗೆ ‘ರೆಡ್ ಪ್ಲಸ್’ ಎಂಬ ಬೇರೆ ಹೆಸರು ಬಂತು. ಇವತ್ತಿಗೂ ಬಿಲ್ ಹಾಕಿಸುವ ಮುಂಚೆ ಮಾಡೆಲ್ ನಂಬರನ್ನು ಕಂಪನಿಯ ವಿವರಪಟ್ಟಿಯಲ್ಲಿ ಹುಡುಕಿ ಸಿಎಂಆರ್ ಎಂದು ಬರೆದಿದೆಯೇ ನೋಡುವುದು ಒಳ್ಳೆಯದು.

ಬೆಂಗಳೂರಿನವರು ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೇ ಹೋಗುತ್ತಾರೆ, ಹೋಗಲಿ. ಕೌಂಟರಿನಲ್ಲಿ ಕೇಳಬೇಕಾದ ಮೊದಲ ಮಾತು ಬೆಲೆಯದ್ದಲ್ಲ, ಭಾರತದ ವಾರಂಟಿ ಇದೆಯಾ ಎಂಬುದು. ಹೊರದೇಶದಿಂದ ಬೇರೆ ದಾರಿಯಲ್ಲಿ ಬಂದ ಡಿಸ್ಕು ಒಂದೆರಡು ಸಾವಿರ ಅಗ್ಗಕ್ಕೆ ಸಿಗಬಹುದು, ಕೆಟ್ಟಾಗ ಇಲ್ಲಿನ ಸರ್ವಿಸ್ ಸೆಂಟರು ಮುಟ್ಟುವುದಿಲ್ಲ. ಅಂಗಡಿಯಲ್ಲೇ ನಿಂತು ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಿ, ಎರಡು ನಿಮಿಷದ ಕೆಲಸ. ಮನೆ ಬಳಕೆಯ ನ್ಯಾಸ್ ಡಿಸ್ಕುಗಳಿಗೆ ಸಾಮಾನ್ಯವಾಗಿ ಮೂರು ವರ್ಷ, ‘ಪ್ರೊ’ ಎಂಬ ಬಾಲವಿದ್ದವಕ್ಕೆ ಐದು. ಇನ್ನೊಂದು ಎಚ್ಚರ: 2025ರ ಆರಂಭದಲ್ಲಿ ಜರ್ಮನಿಯ ಹೈಜೆ ಪತ್ರಿಕೆ, ಸಾವಿರಾರು ಗಂಟೆ ಓಡಿದ ಸೀಗೇಟ್ ಡಿಸ್ಕುಗಳನ್ನು ‘ಸ್ಮಾರ್ಟ್’ ಲೆಕ್ಕ ಸೊನ್ನೆಗೆ ತಿರುಗಿಸಿ ಹೊಸದೆಂದು ಮಾರುತ್ತಿದ್ದ ಜಾಲವನ್ನು ಬಯಲಿಗೆಳೆಯಿತು. ಕ್ರಿಪ್ಟೊ ನಾಣ್ಯ ಗಣಿಗಾರಿಕೆಯಲ್ಲಿ ದುಡಿದು ಬಂದವು ಅವು ಎಂಬ ಗುಮಾನಿ. ಹೊಸ ಡಿಸ್ಕಿನ ಓಡಿದ ಗಂಟೆಗಳ ಸಾಲು ನೋಡುವ ಅಭ್ಯಾಸ ಮಾಡಿಕೊಂಡರೆ ಲೆಕ್ಕ ತಿರುಗಿಸದ ಕಳ್ಳಮಾಲಾದರೂ ಸಿಕ್ಕಿಬೀಳುತ್ತದೆ. ಸೀಗೇಟ್‌ನಲ್ಲಾದರೆ ಆ ಸಾಲು ಸಾಲದು, ‘ಫಾರ್ಮ್’ ಎಂಬ ಇನ್ನೊಂದು ಒಳಲೆಕ್ಕವನ್ನೂ ತೆಗೆದು ನೋಡಬೇಕು.

ಪೆಟ್ಟಿಗೆ ಮಾಡುವವರದ್ದೂ ಒಂದು ಕಿತಾಪತಿ ಇತ್ತು. ತೈವಾನಿನ ಸಿನಾಲಜಿ 2025ರಲ್ಲಿ ತನ್ನ ಹೊಸ ಪ್ಲಸ್ ಮಾಡೆಲ್‌ಗಳಲ್ಲಿ ತಾನು ಮಾರುವ, ತಾನು ಒಪ್ಪಿದ ಡಿಸ್ಕುಗಳಿಗೆ ಮಾತ್ರ ಜಾಗ ಎಂದು ಹಟ ಹಿಡಿಯಿತು. ಗ್ರಾಹಕರು ಸಿಟ್ಟಾದರು, ಅದೇ ವರ್ಷ ಅಕ್ಟೋಬರ್‌ನಲ್ಲಿ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಆ ಬೇಲಿಯನ್ನು ಸಡಿಲಿಸಬೇಕಾಯಿತು. ನಿಮ್ಮ ಪೆಟ್ಟಿಗೆ ಯಾವುದೇ ಇರಲಿ, ಕೊಳ್ಳುವ ಮುಂಚೆ ಅದರ ಹೊಂದಾಣಿಕೆಯ ಪಟ್ಟಿ ನೋಡಿ.

ಈಗ ಕೈ ಹಾಕುವ ಹೊತ್ತು. ಪರದೆಯ ಮೇಲೆ ‘ಡ್ರೈವ್ 3’ ಎಂದಿದೆ. ಎಡದಿಂದ ಮೂರನೆಯದೇ? ಅಂಗಡಿಯಿಂದ ತಂದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಹೌದು. ಮನೆಯಲ್ಲೇ ಜೋಡಿಸಿದ ಲಿನಕ್ಸ್ ಪೆಟ್ಟಿಗೆಯಾದರೆ ಆ ಹೆಸರುಗಳು ಒಂದು ರೀಸ್ಟಾರ್ಟಿಗೆ ಅದಲುಬದಲಾಗಬಹುದು. ನಂಬಬೇಕಾದ್ದು ಸೀರಿಯಲ್ ನಂಬರ್ ಒಂದನ್ನೇ. ಮೈಸೂರಿನ ಮನೆಯಲ್ಲಿ ಪೆಟ್ಟಿಗೆ, ಅದನ್ನು ತಂದಿಟ್ಟ ಮಗ ಡಲ್ಲಾಸ್‌ನಲ್ಲಿ, ಬದಲಾಯಿಸಬೇಕಾದವರು ನಿವೃತ್ತ ಮೇಷ್ಟ್ರಾದ ಅಪ್ಪ. ಇಂಥ ವಿಡಿಯೊ ಕರೆಗಳು ಈಗ ಬೇಕಾದಷ್ಟು ನಡೆಯುತ್ತವೆ.

‘ಅಪ್ಪಾ, ಎಡಗಡೆಯಿಂದ ಮೂರನೇದು.’

‘ನನ್ನ ಎಡಗಡೆಯೋ, ಪೆಟ್ಟಿಗೆ ಎಡಗಡೆಯೋ?’

‘ಇರಿ, ಇರಿ, ಎಳೀಬೇಡಿ. ಮೊದಲು ಪೂರ್ತಿ ಆಫ್ ಮಾಡೋಣ.’

ಮಗ ಹೇಳಿದ್ದೇ ಸರಿ. ಪೆಟ್ಟಿಗೆ ಓಡುತ್ತಿರುವಾಗ ಸತ್ತದ್ದರ ಬದಲು ಬದುಕಿರುವುದನ್ನು ಎಳೆದರೆ ರೇಡ್ 5 ಅಲ್ಲೇ ಕುಸಿಯುತ್ತದೆ, ಎರಡು ಡಿಸ್ಕು ಹೋದಂತೆಯೇ ಲೆಕ್ಕ. ಮರಳಿ ತುರುಕಿದರೆ ಸರಿಹೋಗುತ್ತದೆಂಬ ಭರವಸೆಯಿಲ್ಲ. ಮೆನುವಿನಿಂದ ಸರಿಯಾಗಿ ಆಫ್ ಮಾಡಿದ ಪೆಟ್ಟಿಗೆಯಲ್ಲಾದರೆ ತಪ್ಪು ಟ್ರೇ ಎಳೆದರೂ ಏನೂ ಆಗುವುದಿಲ್ಲ, ಲೇಬಲ್ ಓದಿ ಅದೇ ಜಾಗಕ್ಕೆ ಮತ್ತೆ ತಳ್ಳಿದರಾಯಿತು. ಡಿಸ್ಕಿನ ಲೇಬಲ್ಲು ಒಳಗಿರುವಾಗ ಕಾಣುವುದೇ ಇಲ್ಲ. ಅದಕ್ಕೇ ಪೆಟ್ಟಿಗೆ ತಂದ ದಿನವೇ ಪ್ರತಿ ಟ್ರೇಯ ಮುಂಭಾಗದಲ್ಲಿ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದು ಒಂದು ಚೂರು ಸ್ಟಿಕ್ಕರ್ ಅಂಟಿಸುವುದು ಜಾಣತನ.

ಓಡುತ್ತಿರುವಾಗಲೇ ಬದಲಾಯಿಸಲು ಬರುವ ಹಾಟ್ ಸ್ವಾಪ್ ಪೆಟ್ಟಿಗೆ, ಗುರುತೂ ಖಚಿತ ಅನ್ನುವವರು ಆಫ್ ಮಾಡಬೇಕಿಲ್ಲ. ಹಾಗೆ ಮಾಡುವಾಗ ಟ್ರೇಯನ್ನು ಒಮ್ಮೆಗೇ ಕಿತ್ತುಕೊಳ್ಳಬೇಡಿ. ಒಂದು ಅಂಗುಲ ಎಳೆದರೆ ಕನೆಕ್ಟರ್ ಬಿಡುತ್ತದೆ. ಅಲ್ಲಿಗೇ ನಿಲ್ಲಿಸಿ ಅರ್ಧ ನಿಮಿಷ ಕಾಯಿರಿ. ಒಳಗಿನ ತಟ್ಟೆಗಳು ನಿಮಿಷಕ್ಕೆ 5400 ಇಲ್ಲವೇ 7200 ಸುತ್ತಿನಲ್ಲಿ ತಿರುಗುತ್ತಿದ್ದವು, ಕರೆಂಟು ತಪ್ಪಿದರೂ ತಕ್ಷಣ ನಿಲ್ಲುವುದಿಲ್ಲ. ಕಾಯದೆ ಕೈಗೆತ್ತಿಕೊಂಡು ತಿರುಗಿಸಿ ನೋಡಿದರೆ ಡಿಸ್ಕು ನಿಮ್ಮ ಮಣಿಕಟ್ಟಿಗೆ ಎದುರು ಒತ್ತುವುದು ಗೊತ್ತಾಗುತ್ತದೆ. ಓದುವ ಹೆಡ್ಡು ಆ ತಟ್ಟೆಯ ಮೇಲೆ ತೇಲುವ ಎತ್ತರ ಕೆಲವೇ ನ್ಯಾನೊಮೀಟರು. ಸತ್ತದ್ದೆಂದು ತಿಳಿದ ಡಿಸ್ಕಿನಿಂದಲೂ ನಾಳೆ ಏನನ್ನೋ ಬಿಡಿಸಿಕೊಳ್ಳಬೇಕಾಗಿ ಬರಬಹುದು, ಆದ್ದರಿಂದ ಅದನ್ನೂ ಮೆಲ್ಲಗೆ ಇಡಿ. ಹೊಸದನ್ನು ಅಂಚು ಹಿಡಿದು ಎತ್ತಿ, ಹಸಿರು ಸರ್ಕಿಟ್ಟಿನ ಬದಿಗೆ ಬೆರಳು ತಾಗದಂತೆ. ಈಗಿನ ಟ್ರೇಗಳಲ್ಲಿ ಸ್ಕ್ರೂ ಇರುವುದು ಕಡಿಮೆ, ಎರಡೂ ಬದಿಯ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಡಿಸ್ಕ್ ಕೂರಿಸಿ, ಪಟ್ಟಿಯನ್ನು ಟಕ್ ಎನ್ನುವ ತನಕ ಒತ್ತುವುದು. ಸಾಧ್ಯವಾದರೆ ಇದಕ್ಕೂ ಮುಂಚೆ ಹೊಸ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಒಂದು ರಾತ್ರಿ ದೀರ್ಘ ಪರೀಕ್ಷೆ ಓಡಿಸಿ. ಕೆಡುವ ಹೊಸ ಡಿಸ್ಕುಗಳಲ್ಲಿ ಕೆಲವು ಮೊದಲ ವಾರದಲ್ಲೇ ಕೆಡುತ್ತವೆ.

ಕೂರಿಸಿದ ಕೂಡಲೇ ಕೆಲವು ಪೆಟ್ಟಿಗೆಗಳು ತಾವೇ ರೀಬಿಲ್ಡ್ ಶುರುಮಾಡುತ್ತವೆ, ಕೆಲವಕ್ಕೆ ನೀವೇ ‘ರಿಪೇರ್’ ಗುಂಡಿ ಒತ್ತಬೇಕು. ಇದನ್ನು ಮರೆತು, ದೀಪ ಹಸಿರಾಗಿದೆಯಲ್ಲ ಎಂದು ಸುಮ್ಮನಿರುವವರಿದ್ದಾರೆ. ಎಷ್ಟು ಹೊತ್ತು ಹಿಡಿಯುತ್ತದೆ? 8 ಟಿಬಿಯ ಡಿಸ್ಕಿಗೆ ಸರಾಸರಿ ಸೆಕೆಂಡಿಗೆ 150 ಎಂಬಿಯಂತೆ ಬರೆದರೂ ಹದಿನೈದು ಗಂಟೆ. ಅದೂ ಪೆಟ್ಟಿಗೆಗೆ ಬೇರೆ ಕೆಲಸ ಹೇಳದಿದ್ದರೆ. ಮನೆಯ ಸಿಸಿ ಕ್ಯಾಮೆರಾಗಳ ರೆಕಾರ್ಡಿಂಗು, ಫೋನುಗಳ ಫೋಟೊ ಅಪ್‌ಲೋಡು, ಹಾಲಿನ ಟಿವಿಯಲ್ಲಿ ಸಿನಿಮಾ ಎಲ್ಲವೂ ನಡೆಯುತ್ತಿದ್ದರೆ ಎರಡು ದಿನವೂ ಆದೀತು. ಒಂದು ದಿನದ ಮಟ್ಟಿಗೆ ಅವನ್ನೆಲ್ಲ ನಿಲ್ಲಿಸುವಂತೆ ಮನೆಯವರನ್ನು ಒಪ್ಪಿಸಿ.

ನಮ್ಮ ಕಡೆಯ ದೊಡ್ಡ ಶತ್ರು ಕರೆಂಟು. ರೇಡ್ 5ರಲ್ಲಿ ಬರೆಯುತ್ತಿರುವಾಗ ಕರೆಂಟು ಹೋದರೆ ಡೇಟಾ ಹೊಸದು, ಅದರ ಪ್ಯಾರಿಟಿ ಹಳೆಯದು ಎಂಬಂತಾಗಬಹುದು. ಎಲ್ಲ ಡಿಸ್ಕೂ ಇರುವಾಗ ಪೆಟ್ಟಿಗೆ ಅದನ್ನು ಸರಿಪಡಿಸಿಕೊಳ್ಳುತ್ತದೆ, ಒಂದು ಡಿಸ್ಕು ಇಲ್ಲದ ಹೊತ್ತಿನಲ್ಲಿ ತಪ್ಪು ಲೆಕ್ಕದಿಂದ ತಪ್ಪು ಉತ್ತರವೇ ಹುಟ್ಟುತ್ತದೆ. ಯುಪಿಎಸ್ ಇಲ್ಲದೆ ರೀಬಿಲ್ಡ್‌ಗೆ ಇಳಿಯಬೇಡಿ. ಮನೆಯಲ್ಲಿ ಇನ್ವರ್ಟರ್ ಇದೆ ಎನ್ನುವವರು ಅದರ ಹಿಂದೆಯೋ ಮುಂದೆಯೋ ಇರುವ ಚಿಕ್ಕ ಸ್ವಿಚ್ಚನ್ನು ‘ಯುಪಿಎಸ್’ ಕಡೆಗೆ ಇಟ್ಟಿದ್ದೀರಾ ನೋಡಿ. ‘ಇಕೊ’ ಕಡೆಗಿದ್ದರೆ ಕರೆಂಟು ಬದಲಾಗುವ ಕ್ಷಣದ ಸಂದಿಯಲ್ಲಿ ಫ್ಯಾನಿಗೆ ಏನೂ ಆಗುವುದಿಲ್ಲ, ಪೆಟ್ಟಿಗೆ ಮಾತ್ರ ಆಫ್ ಆಗಿ ಆನ್ ಆಗುತ್ತದೆ. ಯುಪಿಎಸ್‌ನಿಂದ ಪೆಟ್ಟಿಗೆಗೆ ಯುಎಸ್‌ಬಿ ವೈರು ಎಳೆದರೆ ಬ್ಯಾಟರಿ ಮುಗಿಯುವ ಮುಂಚೆ ಅದು ತಾನೇ ಕ್ರಮವಾಗಿ ಮುಚ್ಚಿಕೊಳ್ಳುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಸಂಜೆಯನ್ನು ಇದಕ್ಕೆ ಆರಿಸಿಕೊಳ್ಳಬೇಡಿ ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಡಿಸ್ಕು ಕೆಡದೆಯೂ ಬದಲಾಯಿಸುವ ಸಂದರ್ಭವಿದೆ: ಜಾಗ ಸಾಲದೆ 4 ಟಿಬಿಯವನ್ನು ತೆಗೆದು 8 ಟಿಬಿಯವನ್ನು ಹಾಕುವುದು. ಒಂದೊಂದನ್ನೇ ತೆಗೆದು, ರೀಬಿಲ್ಡ್ ಮುಗಿದ ಮೇಲೆ ಮುಂದಿನದಕ್ಕೆ ಕೈಹಾಕಬೇಕು. ಹೀಗೆ ನಾಲ್ಕು ಸಲ. ಮಾಮೂಲಿ ರೇಡ್ 5ರಲ್ಲಿ ಕೊನೆಯ ಡಿಸ್ಕ್ ಬದಲಾಗುವ ತನಕ ಒಂದು ಗಿಗಾಬೈಟೂ ಹೆಚ್ಚುವುದಿಲ್ಲ. ಸಿನಾಲಜಿಯ ಹೈಬ್ರಿಡ್ ಪದ್ಧತಿಯಲ್ಲಿ ಎರಡನೆಯ ದೊಡ್ಡ ಡಿಸ್ಕಿನಿಂದಲೇ ಜಾಗ ಸಿಗತೊಡಗುತ್ತದೆ. ಕಣ್ಣಿಗೆ ಬೀಳದ ಸಂಗತಿಯೆಂದರೆ, ಆರೋಗ್ಯವಾಗಿದ್ದ ಪೆಟ್ಟಿಗೆಯನ್ನು ನಾವೇ ನಾಲ್ಕು ಸಲ ಡಿಗ್ರೇಡೆಡ್ ಸ್ಥಿತಿಗೆ ತಳ್ಳುತ್ತಿದ್ದೇವೆ. ಡಿಸ್ಕ್ ಕೂರಿಸುವ ಒಂದು ಖಾಲಿ ಬೇ ಇದ್ದರೆ ಈ ಗಂಡಾಂತರವೇ ಬೇಡ. ಹೊಸದನ್ನು ಅಲ್ಲಿ ಹಾಕಿ, ಹಳೆಯದು ಕೆಲಸ ಮಾಡುತ್ತಿರುವಾಗಲೇ ‘ರಿಪ್ಲೇಸ್’ ಎಂದು ಹೇಳುವ ಅನುಕೂಲ ಸಿನಾಲಜಿಯಲ್ಲಿಯೂ ಇದೆ, ಝಡ್‌ಎಫ್‌ಎಸ್‌ನಲ್ಲಿಯೂ ಇದೆ. ಎಲ್ಲ ಇಳಿದ ಮೇಲೆ ಹಳೆಯದು ಹೊರಬರುತ್ತದೆ. ಹೊಸದಾಗಿ ಕೊಳ್ಳುವವರು ಕೇಳಿದರೆ ನಾನು ಹೇಳುವುದು: ಎರಡು ದೊಡ್ಡ ಡಿಸ್ಕಿನ ಮಿರರ್, ಜೊತೆಗೆ ಬೀರುವಿನಲ್ಲಿಡುವ ಒಂದು ಯುಎಸ್‌ಬಿ ಡಿಸ್ಕು. ನಾಲ್ಕು ಬೇಯ ಬೆಡಗು ಬಹುತೇಕ ಮನೆಗಳಿಗೆ ಬೇಕಿಲ್ಲ. ಮಿರರ್‌ನಲ್ಲಿ ರೀಬಿಲ್ಡ್ ಅಂದರೆ ಒಂದರಿಂದ ಒಂದಕ್ಕೆ ನೇರ ನಕಲು, ಲೆಕ್ಕಾಚಾರವಿಲ್ಲ.

ದೀಪಗಳೆಲ್ಲ ಹಸಿರಾದ ಮೇಲೆ ಒಂದು ‘ಸ್ಕ್ರಬ್’ ಓಡಿಸಿ, ಅಂದರೆ ಪೆಟ್ಟಿಗೆ ಎಲ್ಲವನ್ನೂ ಒಮ್ಮೆ ಓದಿ ತಾಳೆ ನೋಡುವ ಕೆಲಸ. ಆಮೇಲೆ ಹತ್ತಿಪ್ಪತ್ತು ಹಳೆಯ ಫೋಟೊಗಳನ್ನು ನೀವೇ ತೆರೆದು ನೋಡಿ. ಹೊರಗೆ ತೆಗೆದ ಡಿಸ್ಕನ್ನು ಗುಜರಿಯವರಿಗೆ ಹಾಗೇ ಕೊಡಬೇಡಿ. ಮಿರರ್‌ನಿಂದ ಬಂದದ್ದಾದರೆ ಅದರಲ್ಲಿ ನಿಮ್ಮ ಮನೆಯ ಸಮಸ್ತವೂ ಇದೆ. ರೇಡ್ 5ರ ಡಿಸ್ಕಿನಲ್ಲಿ ಚೂರುಗಳಷ್ಟೇ ಇರುತ್ತವೆ ಎಂದು ಸಮಾಧಾನಪಡುವುದೂ ಪೂರ್ತಿ ಸರಿಯಲ್ಲ. ಆ ಚೂರಿನ ಅಳತೆ ಹಲವು ಪೆಟ್ಟಿಗೆಗಳಲ್ಲಿ 64 ಕಿಲೊಬೈಟ್, ಆಧಾರ್ ಕಾರ್ಡಿನ ಚಿಕ್ಕದೊಂದು ಸ್ಕ್ಯಾನು ಪೂರ್ತಿಯಾಗಿ ಅದರಲ್ಲಿ ಅಡಗಬಹುದು. ಓಡುವ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ಪೂರ್ತಿ ಒರೆಸಬಹುದು. ಓಡದಿದ್ದರೆ ಡ್ರಿಲ್ ಹಾಕಿ ತಟ್ಟೆಗಳನ್ನು ತೂತು ಮಾಡಿಸಿ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ನೋಂದಾಯಿತ ಮರುಬಳಕೆದಾರರಿಗೆ ಕೊಡಿ. ತೂತು ಬಿದ್ದ ಡಿಸ್ಕಿಗೆ ವಾರಂಟಿ ಸಿಗದು, ಹಾಗಾಗಿ ವಾರಂಟಿ ಉಳಿದಿದ್ದರೆ ಗುಟ್ಟೋ ದುಡ್ಡೋ ಎಂದು ನೀವೇ ತೀರ್ಮಾನಿಸಬೇಕು. ಪೆಟ್ಟಿಗೆಯನ್ನು ಮೊದಲ ದಿನವೇ ಎನ್‌ಕ್ರಿಪ್ಟ್ ಮಾಡಿಟ್ಟವರಿಗೆ ಈ ಸಂಕಟವಿಲ್ಲ, ಹಾಗೇ ಕಳಿಸಬಹುದು. ವಾರಂಟಿಯಲ್ಲಿ ಮರಳಿ ಬರುವುದು ಬಹಳ ಸಲ ಹೊಸ ಡಿಸ್ಕಲ್ಲ, ಕಂಪನಿ ದುರಸ್ತಿ ಮಾಡಿ ಪರೀಕ್ಷಿಸಿದ್ದು. ಹಳೆಯದರ ವಾರಂಟಿಯಲ್ಲಿ ಉಳಿದ ದಿನಗಳೇ ಅದಕ್ಕೂ ಅನ್ವಯ. ಅದನ್ನು ಪೆಟ್ಟಿಗೆಗೆ ಹಾಕುವ ಬದಲು ದೀರ್ಘ ಪರೀಕ್ಷೆ ಮಾಡಿ, ದಿನಾಂಕ ಬರೆದು ಸ್ಪೇರ್ ಆಗಿ ಇಟ್ಟುಕೊಳ್ಳಿ. ಉಳಿದ ಮೂರು ಡಿಸ್ಕುಗಳಿಗೂ ಈಗ ಸತ್ತದ್ದರ ವಯಸ್ಸೇ.